ಕೌಸಲ್ಯ ಟೀಚರ ಮೂರನೆಯ ಕೂಗು

ಮಲಯಾಳ ನಾಡಿನ ಪುಲ್ಪಳ್ಳಿ ಬಳಿಯ ಕಾಲೇಜೊಂದರಲ್ಲಿ ಅಮೆರಿಕದ ಸಾಹಿತ್ಯ ಕಲಿಸುವ ಕೌಸಲ್ಯ ಟೀಚರಿಗೆ, ಬರೆದದ್ದೇನೇ ಕಂಡರೂ 'ಇದನ್ನು ಯಾಕೆ ಬರೆದರು?' ಎಂದು ಕೇಳದಿದ್ದರೆ ತಿಂದದ್ದು ಅರಗುವುದಿಲ್ಲ. ಮದುವೆ ಕರೆಯೋಲೆಯನ್ನೂ ಬಿಡುವವರಲ್ಲ. 'ಆನೆಗಳಿವೆ, ಎಚ್ಚರಿಕೆ' ಎಂಬ ಬೋರ್ಡಿನ ಮುಂದೆ ನಿಂತು, ಹೆದರಿಸುವುದಕ್ಕೋ ಉಳಿಸುವುದಕ್ಕೋ ಎಂದು ಯೋಚಿಸುತ್ತ ಎಷ್ಟೋ ಸಲ ಬಸ್ಸು ತಪ್ಪಿಸಿಕೊಂಡಿದ್ದಾರೆ. ಆ ಪ್ರಶ್ನೆಗೆ ಗೈಡು ನೋಡಿ 'ಸಮಾಜದ ವಿಮರ್ಶೆ' ಎಂದು ಉತ್ತರ ಬರೆದ ವಿದ್ಯಾರ್ಥಿಗಳನ್ನು ಕಂಡರಂತೂ ಮೈಯೆಲ್ಲ ಉರಿದು, ತರಗತಿಯಲ್ಲೇ ಶುರುಮಾಡುತ್ತಾರೆ: "ಗದ್ದೆ ಕಾಯೋ ಅಟ್ಟಣೆಯಿಂದ ನಮ್ಮಪ್ಪ ಮೂರು ತರ ಕೂಗ್ತಿದ್ದ ಮಕ್ಕಳೇ. ಹಂದಿಗೊಂದು, ಆನೆಗೊಂದು. ಏನೂ ಬರದಿದ್ದಾಗ ಇನ್ನೊಂದು, ಪಕ್ಕದ ಅಟ್ಟಣೆಯಲ್ಲಿ ಯಾರಾದ್ರೂ ಇದ್ದಾರಾ ಅಂತ ತಿಳಿಯೋಕೆ. ಅದಕ್ಕೆ ಮಾತ್ರ ಕೇಳಿದವರು ತಿರುಗಿ ಕೂಗಲೇಬೇಕು. ಈ ಕಥೆ ಬರೆದ ಅಮೆರಿಕದವನದು ಯಾವ ಕೂಗು, ಹೇಳಿ!" ಮೊನ್ನೆ, ಹಿಮದಲ್ಲಿ ಒಂಟಿಯಾಗಿ ಉಳಿದವನ ಕಥೆಯೊಂದು ಮುಗಿದಾಗ, ವರ್ಷವಿಡೀ ಬಾಯಿಬಿಡದ ಕಾಡಂಚಿನ ಹುಡುಗಿ ಚಿಕ್ಕಿ ಎದ್ದು ನಿಂತು, ಮಲಯಾಳ ಬಿಟ್ಟು ಮನೆಮಾತಿನಲ್ಲೇ ಕೇಳಿದಳು: "ಇದು ಮೂರನೇದು ಟೀಚರೇ. ಬರೆದವನಿಗೆ ಯಾರಾದ್ರೂ ತಿರುಗಿ ಕೂಗಿದ್ರಾ?" ಟೀಚರ್ ತೆರೆದ ಪುಸ್ತಕದ ಕಡೆಗೆ ಬಗ್ಗಿ, ಎರಡೂ ಕೈಗಳನ್ನು ಬಾಯಿಗೆ ಒಡ್ಡಿಕೊಂಡು, ಅಪ್ಪನ ದನಿಯಲ್ಲೇ "ಕೂ..." ಎಂದು ಕೂಗಿದರು.