ಕಾಂತಿಯಕ್ಕನ ವೈಫೈ

ಚಾರ್ಮಾಡಿಯ ಕಾಂತಿಯಕ್ಕನಷ್ಟು ಬೇಗ ಪಾಠ ಕಲಿತವರನ್ನು ನಾನು ಕಂಡಿಲ್ಲ. ಇಂಟರ್ನೆಟ್ ವಯರ್ ಎಳೆಯುವುದು ನನ್ನ ಕೆಲಸ. ಬೆಳ್ತಂಗಡಿಯಿಂದ ಘಾಟಿಯ ಬುಡದವರೆಗೆ ನಾನು ಹತ್ತದ ಕಂಬ ಇಲ್ಲ. ಜನ ನನ್ನನ್ನು ಕೇಳುವುದು ಎರಡೇ ಪ್ರಶ್ನೆ: ಯಾಕೆ ಬರುವುದಿಲ್ಲ, ಯಾವಾಗ ಬರುತ್ತದೆ. "ನಿಝಾಮ್, ಈ ಪೆಟ್ಟಿಗೆ ಒಳಗಿಂದ ಏನು ಮಾಡ್ತದೆ?" ಎಂದು ಕೇಳಿದವರು ಕಾಂತಿಯಕ್ಕ ಒಬ್ಬರೇ. ಅಂಥವರು ಸಿಕ್ಕಿದರೆ ನನ್ನ ಬಾಯಿ ನಿಲ್ಲುವುದಿಲ್ಲ.

ಆ ಮನೆಯಲ್ಲಿ ಇರುವುದು ಇಬ್ಬರು ಹೆಂಗಸರು. ಕಾಂತಿಯಕ್ಕನ ಗಂಡ ಭೋಜಣ್ಣ ಮೂಡುಬಿದಿರೆಯಲ್ಲಿ ಹೋಟೆಲು ನಡೆಸುತ್ತಿದ್ದವರು, ದುಡ್ಡು ತೆಗೆದುಕೊಳ್ಳುವ ಗಲ್ಲೆಯಲ್ಲಿ ಕುಳಿತಲ್ಲೇ ಎದೆ ಹಿಡಿದುಕೊಂಡು ಹೋದರು. ಅವರ ತಮ್ಮ ತರುಣ್ ಮಸ್ಕತ್ತಿನ ಹೋಟೆಲೊಂದರಲ್ಲಿದ್ದಾನೆ. ಅವನ ಹೆಂಡತಿ ಸುರಕ್ಷಾ ಓರಗಿತ್ತಿ ಕಾಂತಿಯಕ್ಕನ ಜೊತೆ ಇಲ್ಲಿ. ಗುಡ್ಡದ ಮರೆಯ ಮನೆ, ಮೊಬೈಲಿಗೆ ಒಂದು ಗೆರೆಯೂ ಸಿಗ್ನಲ್ ಇಲ್ಲ. ಫೋನ್ ಮಾಡಬೇಕಾದರೆ ವೈಫೈ ಬೇಕು, ಇಲ್ಲವಾದರೆ ಗುಡ್ಡ ಇಳಿದು ರಸ್ತೆಯ ತಿರುವಿನ ಮೋರಿಯ ಹತ್ತಿರ ಬರಬೇಕು.

ನಾನು ಚಾವಡಿಯಲ್ಲಿ ಕುಳಿತು ಹೇಳಿಕೊಟ್ಟೆ. "ಇದು ರೌಟರ್ ಅಕ್ಕ. ಹೊರಗಿನ ದಾರಿ ಒಂದೇ, ಮನೆಯ ಫೋನುಗಳು ನಾಲ್ಕಾರು. ಯಾರಿಗೆ ಬಂದದ್ದನ್ನು ಯಾರಿಗೆ ಕೊಡಬೇಕು ಅಂತ ಇದು ನೋಡಿಕೊಳ್ತದೆ. ಒಳಗೆ ಬಂದ ಫೋನಿಗೆಲ್ಲ ಒಂದೊಂದು ನಂಬರ್ ಕೊಡ್ತದೆ. ಅದು ಊಟದ ಪಂಕ್ತಿಯ ಹಾಗೆ, ಇವತ್ತು ಈ ಎಲೆ, ನಾಳೆ ಬೇರೆ ಎಲೆ. ಆದರೆ ಫೋನಿಗೆ ತನ್ನದೇ ಅಂತ ಇನ್ನೊಂದು ನಂಬರ್ ಉಂಟು. ರೌಟರ್ ಗುರುತು ಹಿಡಿಯುದು ಅದರಲ್ಲಿ."

"ಮಾತು ಮಸ್ಕತ್ತಿಗೆ ಹೇಗೆ ಹೋಗ್ತದೆ?"

"ಇಡಿಯಾಗಿ ಹೋಗುದಿಲ್ಲ. ತುಂಡು ತುಂಡಾಗಿ. ಪ್ರತಿ ತುಂಡಿನ ಮೇಲೆ ಎಲ್ಲಿಂದ, ಎಲ್ಲಿಗೆ ಅಂತ ಬರೆದಿರ್ತದೆ. ಒಂದು ದಾರಿ ಕಡಿದ್ರೆ ಇನ್ನೊಂದು ದಾರಿ ಹಿಡೀತದೆ. ನಡುವೆ ಇರುವವ ಅದನ್ನು ತೆಗೊಂಡು ಮುಂದಿನವನಿಗೆ ದಾಟಿಸ್ಬೇಕು, ಅಷ್ಟೇ."

ಕಾಂತಿಯಕ್ಕ ಸ್ವಲ್ಪ ಯೋಚಿಸಿದರು. "ನಡುವಿನವ ತೆಗೊಂಡು ದಾಟಿಸದಿದ್ರೆ?"

"ಮತ್ತೆಂಥ, ಬಿದ್ದುಹೋಯ್ತು. ಯಾರು ಹಿಡಿದಿಟ್ಟದ್ದು ಅಂತ ಗೊತ್ತಾಗುದಿಲ್ಲ. ನೆಟ್‌ವರ್ಕ್ ಇಲ್ಲ ಅಂತ ಅಂದ್ಕೊಳ್ಳುದು."

ಅವರು ತಲೆಯಾಡಿಸಿ, ನನಗೆ ಎರಡನೇ ಸಲ ಚಹಾ ತರಿಸಿದರು. ರೌಟರಿನ ಪಾಸ್‌ವರ್ಡ್ ಬದಲಾಯಿಸುವುದು, ಬೇಡದ ಫೋನನ್ನು ಹೊರಗೆ ಹಾಕುವುದು, ಎಲ್ಲ ಅವತ್ತೇ ಕಲಿತರು. ಊರ ಹುಡುಗರು ಕಟ್ಟೆಯ ಮೇಲೆ ಕುಳಿತು ವೈಫೈ ಕದಿಯುವುದು ಗೊತ್ತಿದ್ದದ್ದೇ, ನನಗೆ ಸಂಶಯ ಬರಲಿಲ್ಲ.

ಹೊರಗೆ ಬಿದ್ದದ್ದು ಸುರಕ್ಷಾಳ ಫೋನು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಹಾಗೆ. ಮೊಬೈಲಿನಲ್ಲಿ ಒಂದು ಕಡೆ ಬೆರಳಿಟ್ಟರೆ ಮುಗಿಯಿತು, ಜಗಳ ಇಲ್ಲ, ಬೈಗುಳ ಇಲ್ಲ. ಯಾಕೆ ಎಂದು ಕೇಳಿದರೆ ದೊಡ್ಡ ಕಾರಣವೇನೂ ಇಲ್ಲ. ಸಂಜೆ ತರುಣ್ ಫೋನ್ ಮಾಡಿದಾಗ ಸುರಕ್ಷಾ ಕೋಣೆಯಲ್ಲಿ ನಗುತ್ತಿದ್ದಳು. ಗಂಡನಿಲ್ಲದ ಕಾಂತಿಯಕ್ಕನಿಗೆ ಆ ನಗು ಗೋಡೆಯ ಆಚೆಯಿಂದ ಕೇಳುತ್ತಿತ್ತು. ಹೊಟ್ಟೆಕಿಚ್ಚಿಗೆ ಅಷ್ಟು ಸಾಕು.

"ಅಕ್ಕ, ನನ್ನ ಫೋನಿಗೆ ಮಾತ್ರ ಬರುದಿಲ್ಲ."

"ನೆಟ್‌ವರ್ಕ್ ಇಲ್ಲ ಮಾರಾಯ್ತಿ. ಏನು ಮಾಡುದು."

ಸುರಕ್ಷಾ ನನ್ನನ್ನು ಕರೆಸಿದಳು. ರೌಟರ್ ತೆರೆದು ನೋಡಿದರೆ ಅವಳ ಫೋನು ತಡೆದವುಗಳ ಸಾಲಿನಲ್ಲಿ ಕುಳಿತಿದೆ. ಕಾಂತಿಯಕ್ಕನಿಗೆ ತೋರಿಸಿದೆ. ಅವರು ಮುಖ ತಿರುಗಿಸದೆ, "ನೀನು ವಯರ್ ನೋಡು ನಿಝಾಮ್, ಮನೆ ನಾನು ನೋಡ್ತೇನೆ" ಎಂದರು. ಸುರಕ್ಷಾ ಬಾಗಿಲಲ್ಲೇ ನಿಂತಿದ್ದಳು, ಎಲ್ಲ ಕೇಳಿಸಿಕೊಂಡಳು. ಗಂಡನಿಗೂ ಹೇಳಿದಳಂತೆ. ಅಣ್ಣ ಸತ್ತ ಮನೆಯಲ್ಲಿ ಅತ್ತಿಗೆಯ ಹತ್ತಿರ ಜಗಳ ಬೇಡ ಎಂದನಂತೆ ಆ ಪುಣ್ಯಾತ್ಮ. ಮಸ್ಕತ್ತಿನಲ್ಲಿ ಕುಳಿತು ಹೇಳುವುದು ಸುಲಭ.

ಅಂದಿನಿಂದ ಸುರಕ್ಷಾ ದಿನಾ ಕೊಡೆ ಹಿಡಿದು ಗುಡ್ಡ ಇಳಿದಳು. ಮಳೆಯಲ್ಲಿ ಮೋರಿಯ ಕಟ್ಟೆಯ ಮೇಲೆ ಕುಳಿತು, ಲಾರಿಯವರು ಹಾರ್ನ್ ಹಾಕಿ ಹಲ್ಲು ಕಿರಿಯುವ ನಡುವೆ ಗಂಡನ ಹತ್ತಿರ ಮಾತಾಡಿದಳು. ಒಮ್ಮೆ ಜ್ವರ ಬಂದು ಕಂಬಳಿ ಹೊದ್ದು ಬಂದಿದ್ದಳು. ಕಾಂತಿಯಕ್ಕ ಚಾವಡಿಯಲ್ಲಿ ಕುಳಿತು ಅವಳು ಇಳಿಯುವುದನ್ನು ನೋಡುತ್ತಿದ್ದರು. ಅಯ್ಯೋ ಪಾಪ ಎನ್ನಲಿಲ್ಲ.

ಆಷಾಢದ ಒಂದು ದಿನ ಮಧ್ಯಾಹ್ನ ಗಾಳಿಗೆ ಮರ ಬಿದ್ದು ನನ್ನ ವಯರ್ ಮೂರು ಕಡೆ ತುಂಡಾಯಿತು. ಊಟ ಬಿಟ್ಟು ಓಡಿದೆ. ತಿರುವಿನ ಕಂಬದಲ್ಲಿ ನಾನಿದ್ದಾಗ ಕೆಳಗೆ ಮೋರಿಯ ಮೇಲೆ ಕುಳಿತಿದ್ದ ಸುರಕ್ಷಾಳ ಫೋನು ಹೊಡೆದುಕೊಂಡಿತು. "ಹಾಂ ಅಣ್ಣ... ಹೌದಾ... ಹೇಳ್ತೇನೆ ಅಣ್ಣ. ಈಗಲೇ ಹೋಗಿ ಹೇಳ್ತೇನೆ" ಎಂದಳು. ಫೋನು ಇಟ್ಟು, ಕೊಡೆ ಬಿಚ್ಚಿ ಎದ್ದವಳು ಮತ್ತೆ ಕುಳಿತಳು. ಆಮೇಲೆ ತರುಣನಿಗೆ ಫೋನ್ ಹಚ್ಚಿ ಏನೋ ಹೇಳಿ ನಕ್ಕಳು. ಯಾರ ಮಾತು, ಯಾರಿಗೆ ಹೇಳಬೇಕು ಎಂದು ನನಗೆ ಹೇಗೆ ಗೊತ್ತಾಗಬೇಕು? ನಾನು ಮುಂದಿನ ಕಂಬಕ್ಕೆ ಹೋದೆ.

ದೀಪ ಹಚ್ಚುವ ಹೊತ್ತಿಗೆ ಲೈನ್ ಸರಿಯಾಯಿತು. ನೋಡಿ ಬರುವ ಎಂದು ಮನೆಗೆ ಹತ್ತಿದೆ. ಕಾಂತಿಯಕ್ಕ ಚಾವಡಿಯಲ್ಲಿ ಖಾಲಿ ಚಹಾ ಲೋಟ ಪಕ್ಕಕ್ಕಿಟ್ಟು ಕುಳಿತಿದ್ದರು. ಒಳಗೆ ಸುರಕ್ಷಾ ತೆಂಗಿನಕಾಯಿ ತುರಿಯುತ್ತಿದ್ದಳು. ರೌಟರಿನ ಹಸಿರು ದೀಪ ಹೊತ್ತಿಕೊಂಡದ್ದೇ ಕಾಂತಿಯಕ್ಕನ ಫೋನು ಕಿರುಚಿಕೊಂಡಿತು. ಲೈನ್ ಇಲ್ಲದೆ ಬಾಕಿ ಉಳಿದಿದ್ದ ಸಂದೇಶಗಳೆಲ್ಲ ಒಟ್ಟಿಗೆ ಬಂದವು. ಕಳಿಸಿದವರು ಕನ್ಯಾನದಲ್ಲಿರುವ ಅವರ ತಮ್ಮ ಸಂಕಪ್ಪಣ್ಣ. ಅವರ ಅಮ್ಮ ಇರುವುದೂ ಅಲ್ಲೇ.

ಕನ್ನಡಕ ಇರಲಿಲ್ಲ. "ಓದು ಮಾರಾಯ" ಎಂದು ನನ್ನ ಕೈಗೆ ಕೊಟ್ಟರು. ಓದಿದೆ.

ಅಮ್ಮನಿಗೆ ಸೀಕು ಜೋರು ಉಂಟು, ಬೇಗ ಬಾ. ನಿನಗೆ ಫೋನ್ ಹೋಗುವುದಿಲ್ಲ, ಸುರಕ್ಷಾಳ ಹತ್ತಿರ ಹೇಳಿದ್ದೇನೆ. ಹೊರಟಿದ್ದೀಯಾ? ವಿಟ್ಲ ದಾಟಿದೆಯಾ? ಬಾಯಿಗೆ ತುಳಸಿ ನೀರು ನಿನ್ನ ಕೈಯಿಂದಲೇ ಬೇಕಂತೆ, ನಾನು ಬಿಟ್ಟರೆ ತುಟಿ ಮುಚ್ಚುತ್ತಾಳೆ. ಎಲ್ಲಿದ್ದೀ ಅಕ್ಕ?

ಕೊನೆಯದಕ್ಕೆ ಬಂದಾಗ ನಾನು ಫೋನು ಕೆಳಗಿಳಿಸಿದೆ. ಅವರೇ ಫೋನು ಕಿತ್ತುಕೊಂಡು ಕಣ್ಣಿಗೆ ಹಿಡಿದು ಓದಿದರು. ಇನ್ನು ಅವಸರ ಇಲ್ಲ, ಮಳೆಯಲ್ಲಿ ನಿಧಾನ ಬಾ.

ತುರಿಯುವ ಸದ್ದು ನಿಂತಿತ್ತು. ಸುರಕ್ಷಾ ಕೈ ಒರೆಸಿಕೊಂಡು ಬಾಗಿಲಿಗೆ ಬಂದಳು.

"ಸಂಕಪ್ಪ ನಿನಗೆ ಹೇಳಿದ್ನಾ?"

"ಹೌದು ಅಕ್ಕ."

"ಆಮೇಲೆ ನನಗೆ ಚಹಾ ಮಾಡಿಕೊಟ್ಟೆ. ಎದುರು ಕೂತು ಕುಡಿದೆ. ಯಾಕೆ ಹೇಳ್ಲಿಲ್ಲ?"

"ನೆಟ್‌ವರ್ಕ್ ಇಲ್ಲ ಅಲ್ವಾ ಅಕ್ಕ," ಎಂದಳು ಸುರಕ್ಷಾ, ಮೆಲ್ಲಗೆ. "ಏನು ಮಾಡುದು."

ಆ ಫೋನ್ ಬಂದ ಕೂಡಲೇ ಹೊರಟಿದ್ದರೆ ಕಾಂತಿಯಕ್ಕ ಅಮ್ಮನ ಉಸಿರು ಇರುವಾಗಲೇ ಕನ್ಯಾನಕ್ಕೆ ತಲುಪುತ್ತಿದ್ದರು. ಊರವರು ಮಾಡಿದ್ದುಣ್ಣೋ ಮಹಾರಾಯ ಎಂದರು. ಎಂಥ ಮಾತು ಅದು? ಬಾಯಿ ಮುಚ್ಚಿಕೊಂಡು ಮಗಳಿಗೆ ಕಾದ ಆ ಮುದುಕಿ ಏನು ಮಾಡಿದ್ದಳು? ನನಗೆ ಈಗಲೂ ಮೈ ಉರಿಯುತ್ತದೆ, ಯಾರ ಮೇಲೆ ಎಂದು ಮಾತ್ರ ಗೊತ್ತಾಗುವುದಿಲ್ಲ.

ಅಮ್ಮನ ಬೊಜ್ಜ, ಉತ್ತರಕ್ರಿಯೆ ಎಲ್ಲ ಮುಗಿಸಿ ಬಂದ ಮೇಲೆ ಕಾಂತಿಯಕ್ಕ ನನ್ನನ್ನು ಕರೆಸಿದರು. ಮುಖ ಇಳಿದಿತ್ತು. "ತಡೆದದ್ದನ್ನು ತೆಗೆದಿದ್ದೇನೆ ನಿಝಾಮ್, ಮೊನ್ನೆಯೇ. ಅವಳ ಫೋನ್ ಇನ್ನೂ ಸೇರುದಿಲ್ಲ. ನೋಡು, ನಾನು ಏನಾದ್ರೂ ತಪ್ಪಿ ಒತ್ತಿದೆನಾ?"

ನೋಡಿದೆ. ಸಾಲು ಖಾಲಿಯಿತ್ತು.

"ನೀವು ಸರಿಯಾಗಿಯೇ ಮಾಡಿದ್ದೀರಿ ಅಕ್ಕ. ರೌಟರ್ ಯಾರನ್ನೂ ಕೈ ಹಿಡಿದು ಒಳಗೆ ಕರೆಯುದಿಲ್ಲ. ಬರ್ತೇನೆ ಅಂತ ಫೋನೇ ಕೇಳ್ಬೇಕು. ಅವಳು ವೈಫೈ ಆಫ್ ಮಾಡಿಟ್ಟಿದ್ದಾಳೆ."

ಹೊರಗೆ ಸುರಕ್ಷಾ ಕೊಡೆ ಬಿಚ್ಚಿ ಅಂಗಳ ದಾಟುತ್ತಿದ್ದಳು. ಕಾಂತಿಯಕ್ಕ ಚಾವಡಿಯ ಕಂಬ ಹಿಡಿದು ನಿಂತು, ಅವಳು ಮೋರಿಯ ಕಡೆಗೆ ಇಳಿದು ಮರೆಯಾಗುವವರೆಗೆ ನೋಡಿದರು.