ಮಾರಬಾರದ ಕೌದಿಗೆ ಬರೆಸಿದ ಬೆಲೆ

ಆ ಕೌದಿಗೆ ನಾನು ಬರೆಸಿದ ಬೆಲೆ ಅರವತ್ತು ಸಾವಿರ. ತಗುಲಿದ ಖರ್ಚು ಕೇಳಿದರೆ ನಗುತ್ತೀರಿ. ಒಂದಷ್ಟು ದಾರದ ಉಂಡೆ, ಒಂದು ಪೊಟ್ಟಣ ಸೂಜಿ, ಕೆಳಪದರಕ್ಕೆ ಹಾಕಲು ಒಂದು ಹಳೇ ಪಂಚೆ. ಸೀರೆಗಳೆಲ್ಲ ನನ್ನ ಅಕ್ಕನವು, ಅವಕ್ಕೆ ಕಾಸಿಲ್ಲ. ಬಸ್ಸಿಗೂ ಈಗ ಹೆಂಗಸರು ಕಾಸು ಕೊಡಬೇಕಾಗಿಲ್ಲ. ಗುಂಡ್ಲುಪೇಟೆಯಲ್ಲಿ ನನ್ನದೊಂದು ಬಟ್ಟೆ ಅಂಗಡಿ ಇದೆ. ಊಟಿ ಕಡೆ ಹೋಗುವ ಕಾರಿನವರು ನಿಲ್ಲಿಸಿದರೆ, ಇಂಥದ್ದೇ ಅಳತೆಯ ಕೌದಿಗೆ ಎರಡೂವರೆ ಸಾವಿರ ಹೇಳಿ ಹದಿನೆಂಟುನೂರಕ್ಕೆ ಕೊಡುತ್ತೇನೆ. ಹಾಗಿದ್ದ ಮೇಲೆ ಅರವತ್ತು ಸಾವಿರ ಯಾಕೆ ಅಂದರೆ, ಅದನ್ನು ಯಾರೂ ಕೊಳ್ಳಬಾರದು ಅಂತ. ಅದು ಅಕ್ಕನ ಮಗಳ ಬಾಣಂತನಕ್ಕೆ ಅಂತ ಹೊಲಿದದ್ದು. ಕೌದಿಗಳ ಪ್ರದರ್ಶನವೊಂದರಲ್ಲಿ ನಾಲ್ಕು ಜನ ನೋಡಿದ ಮೇಲೆ ವಾಪಸ್ಸು ಬರಬೇಕಾಗಿದ್ದದ್ದು.

ಸಂತೆಯಲ್ಲಿ ಬದುಕಿದವರಿಗೆ ಈ ಲೆಕ್ಕಾಚಾರ ಹೊಸದಲ್ಲ. ನಾನು ಮೊದಲ ಸಲ ತಲೆ ಮೇಲೆ ನೈಟಿ ಗಂಟು ಹೊತ್ತು ಸಂತೆಮರಹಳ್ಳಿ ಸಂತೆಗೆ ಹೋದಾಗ, ಪಕ್ಕದಲ್ಲಿ ಪಾತ್ರೆ ಹರಡಿಕೊಂಡು ಕೂರುತ್ತಿದ್ದ ಅಜ್ಜಿ ಹೇಳಿಕೊಟ್ಟಿದ್ದಳು. "ಕೊಡಕ್ಕೆ ಇಷ್ಟ ಇಲ್ದಿದ್ರೆ ಮಾರಲ್ಲ ಅನ್ಬೇಡ ಕಣಮ್ಮಿ. ಅಂಗ್ಡಿ ಹಾಕೊಂಡು ಕೂತೋಳು ಆ ಮಾತಾಡಿದ್ರೆ ಲಕ್ಷ್ಮಿ ಎದ್ದೋಯ್ತಾಳೆ. ಆಕಾಶದ ರೇಟು ಏಳ್ಬುಡು. ಅವ್ರೇ ಎದ್ದೋಯ್ತಾರೆ." ಎತ್ತು ಮಾರಲು ಮನಸ್ಸಿಲ್ಲದ ರೈತನೂ ಹಾಗೇ ಮಾಡುತ್ತಾನೆ. ದಳ್ಳಾಳಿ ಟವಲ್ಲಿನ ಮರೆಯಲ್ಲಿ ಬೆರಳು ಹಿಡಿದು ರೇಟು ಕೇಳಿದರೆ, ಆಗದ ರೇಟಿನ ಬೆರಳು ತೋರಿಸಿ ಸುಮ್ಮನಾಗುತ್ತಾನೆ. ಯಾರಿಗೂ ಬೇಜಾರಿಲ್ಲ. ಎತ್ತು ಮನೆಗೆ ಬರುತ್ತದೆ. ಇಷ್ಟು ವರ್ಷದ ವ್ಯಾಪಾರದಲ್ಲಿ ನಾನು ಆ ಮಾತು ತಪ್ಪಿದವಳಲ್ಲ.

ಅಕ್ಕನನ್ನು ಭೀಮನಬೀಡಿಗೆ ಕೊಟ್ಟಿತ್ತು. ಭಾವ ತೀರಿಕೊಂಡ ಮೇಲೆ, ಮಗಳನ್ನು ಚಂದಕವಾಡಿಗೆ ಮದುವೆ ಮಾಡಿ ಕಳಿಸಿ, ತಾನು ನನ್ನ ಮನೆಗೆ ಬಂದಳು. ಬರುವಾಗಲೇ ಕಿಡ್ನಿ ತೊಂದರೆ ಇತ್ತು. ಚಾಮರಾಜನಗರಕ್ಕೆ ಹೋಗಿ ಡಯಾಲಿಸಿಸ್ ಮಾಡಿಸಿಕೊಂಡು ಬಂದರೆ ಮಾರನೇ ದಿನವೆಲ್ಲ ಮಲಗಿರುತ್ತಿದ್ದಳು. ಅದರ ಮಾರನೇ ದಿನ ಎದ್ದು ಕೂತು ಸೂಜಿ ಕೇಳುತ್ತಿದ್ದಳು.

ಕೌದಿ ಹೊಲಿಯುವುದನ್ನು ನೋಡದವರಿಗೆ ಹೇಳುತ್ತೇನೆ. ಹಳೇ ಸೀರೆಗಳನ್ನು ಹರಿದು, ಒಂದರ ಮೇಲೊಂದು ಹಾಸಿ, ಸುಕ್ಕಿಲ್ಲದ ಹಾಗೆ ಎಳೆದು ದೊಡ್ಡ ಹೊಲಿಗೆಯಲ್ಲಿ ಸುಮ್ಮನೆ ತಡೆದು ಇಟ್ಟುಕೊಳ್ಳಬೇಕು. ಆಮೇಲೆ ಒಬ್ಬರು ಈ ಅಂಚಿನಲ್ಲಿ, ಒಬ್ಬರು ಆ ಅಂಚಿನಲ್ಲಿ ಎದುರುಬದುರು ಕೂತು, ಬೆರಳಗಲಕ್ಕೆ ಒಂದೊಂದು ಸಾಲಿನಂತೆ ಹೊಲಿಯುತ್ತ ಒಳಗೆ ಬರಬೇಕು. ಇಬ್ಬರೂ ನಡುವೆ ಸೇರಿದರೆ ಕೌದಿ ಮುಗಿಯಿತು.

ಅಕ್ಕನ ಹೊಲಿಗೆ ಸಣ್ಣಕ್ಕಿ ಸಾಲು ಇಟ್ಟ ಹಾಗೆ. ಎಡಗೈಯನ್ನು ಡಯಾಲಿಸಿಸ್‌ಗೆ ಅಂತ ಕೊಯ್ದು ಸಿದ್ಧ ಮಾಡಿದ್ದರಿಂದ ಅದಕ್ಕೆ ಭಾರ ಹಾಕುವಂತಿರಲಿಲ್ಲ. ಬಟ್ಟೆಯನ್ನು ಮೊಣಕಾಲಲ್ಲಿ ಒತ್ತಿ ಹಿಡಿದು ಬಲಗೈಯಲ್ಲೇ ಹೊಲಿಯುತ್ತಿದ್ದಳು. ಆದರೂ ಸಾಲು ಅಲ್ಲಾಡುತ್ತಿರಲಿಲ್ಲ. ನನ್ನದು ವ್ಯಾಪಾರದ ಹೊಲಿಗೆ, ದಾಪುಗಾಲು.

"ಏನಮ್ಮಿ, ಕೌದಿ ಒಲೀತಿದ್ದೀಯೋ ಬೇಲಿ ಕಟ್ತಿದ್ದೀಯೋ?" ಅನ್ನುತ್ತಿದ್ದಳು.

"ಬೇಲಿ ಆದ್ರೆ ದನನಾದ್ರೂ ನುಗ್ಗಲ್ಲ, ಬುಡಕ್ಕ. ನಿನ್ ಒಲಿಗೆ ನೋಡಕ್ಕೆ ಕನ್ನಡಕ ಬೇಕು."

"ನನ್ ಮೊಮ್ಮಗೀಗೆ ಮೈ ಒತ್ಬಾರ್ದು ಕಣೆ. ಅದ್ಕೆ ಸಣ್ಣಕೆ ಆಕ್ತಿದ್ದೀನಿ. ನಿನ್ ಕಡೆಗೆ ಕಾಲು ಇಟ್ಟು ಮಲಗಿಸ್ತೀನಿ, ಒದೀಲಿ."

ಆಗ ಮಗಳಿಗೆ ಬಸಿರೂ ಇರಲಿಲ್ಲ. ಅವಳು ಆಸೆಯಲ್ಲೇ ಹೊಲಿಯುತ್ತಿದ್ದಳು. ತಾನು ಉಡುತ್ತಿದ್ದ ನೂಲಿನ ಸೀರೆಗಳನ್ನೆಲ್ಲ ಅದಕ್ಕೇ ಹರಿದಳು. ಇನ್ನು ನಾನು ನೈಟಿಯಲ್ಲೇ ಇರೋಳು, ಸೀರೆ ಯಾತಕ್ಕೆ ಅಂದಳು. ಅವಳ ಕಡೆ ಇನ್ನೊಂದು ಮೊಳದಷ್ಟು ಬಾಕಿ ಇದ್ದಾಗ ತೀರಿಕೊಂಡಳು.

ಆ ವಾರವೂ ನಾನು ಸಂತೆಗೆ ಹೋದೆ. ಹೋಗಬಾರದು ಅಂದವರು ಇದ್ದರು. ಹೋಗದೆ ಮನೆಯಲ್ಲಿ ಕೂತು ಏನು ಮಾಡಬೇಕು ಅಂತ ಯಾರೂ ಹೇಳಲಿಲ್ಲ. ತಿಥಿ ಕಳೆದ ಮೇಲೆ ಅವಳ ಅಂಚಿನ ಕಡೆ ಹೋಗಿ ಕೂತು ಬಾಕಿ ಹೊಲಿದೆ. ಅವಳ ಹಾಗೆ ಸಣ್ಣಕೆ ಹಾಕಲು ನೋಡಿದೆ, ಬರಲಿಲ್ಲ. ಅಕ್ಕಿ ಸಾಲು ನಿಂತು ದಾಪುಗಾಲು ಶುರುವಾದ ಜಾಗ ಕುರುಡನ ಕೈಗೂ ಸಿಗುವ ಹಾಗೆ ಉಳಿಯಿತು. ಅಳು ಬರಲಿಲ್ಲ. ಬಹಳ ಹೊತ್ತು ಚಕ್ಕಳಮಕ್ಕಳ ಹಾಕಿ ಕೂತರೆ ಕಾಲಿಗೆ ಜೋಮು ಹಿಡಿಯುತ್ತದಲ್ಲ, ಚಿವುಟಿದರೂ ಬೇರೆಯವರ ಕಾಲು ಅನ್ನಿಸುತ್ತದಲ್ಲ, ಹಾಗಿತ್ತು.

ಕೌದಿಯನ್ನು ಮಡಿಸಿ ಮಂಚದ ಮೇಲಿಟ್ಟೆ. ಅಕ್ಕನ ಮಗಳು ಬಸುರಿ ಅಂತ ಸುದ್ದಿ ಬಂತು. ಏಳನೇ ತಿಂಗಳಿಗೆ ತಂದುಕೊಡುತ್ತೇನೆ ಅಂತ ಫೋನಿನಲ್ಲಿ ಹೇಳಿದೆ.

ಅಷ್ಟರಲ್ಲಿ ಚಾಮರಾಜನಗರದಲ್ಲಿ ಕೈಹೊಲಿಗೆ ಕೌದಿಗಳ ಪ್ರದರ್ಶನ ಅಂತ ಗೊತ್ತಾಯಿತು. ತಂದದ್ದನ್ನೆಲ್ಲ ತೂಗುಹಾಕುವುದಿಲ್ಲವಂತೆ, ಮೊದಲು ಫೋಟೋ ಕಳಿಸಬೇಕಂತೆ, ಆಮೇಲೆ ತಿಳಿದವರು ಕೂತು ಆರಿಸುತ್ತಾರಂತೆ. ನನಗೆ ತಕ್ಷಣ ಹೊಳೆದದ್ದು ಏನೆಂದರೆ, ಆರಿಸಿದ ಕೌದಿ ಅಂತ ಒಂದು ಚೀಟಿ ಅಂಗಡಿಯಲ್ಲಿ ನೇತುಹಾಕಿದರೆ ಮಿಕ್ಕ ಎಲ್ಲ ಕೌದಿಗೂ ಐನೂರು ಏರಿಸಬಹುದು. ಟೈಲರ್ ಅಂಗಡಿ ಚಿಂದಿಯಲ್ಲಿ ಹೊಲಿದ, ಮಿರಮಿರ ಮಿಂಚುವ ಕೌದಿಗಳ ಫೋಟೋ ಕಳಿಸಿದೆ. ಪ್ರದರ್ಶನದ ಕೆಲಸ ನೋಡಿಕೊಳ್ಳುತ್ತಿದ್ದ ಹುಡುಗಿ ಫೋನು ಮಾಡಿದಳು.

"ಆಂಟಿ, ಇವು ಬೇಡ. ಫೋಟೋದಲ್ಲಿ ಹಿಂದೆ ಮಂಚದ ಮೇಲೆ ಮಡಿಸಿಟ್ಟಿದೆಯಲ್ಲ, ಅದು ಯಾವುದು?"

"ಅದು ಮನೇದು ಕಣಮ್ಮ."

"ಅದನ್ನೇ ತನ್ನಿ ಆಂಟಿ."

ತಗೊಂಡು ಹೋದೆ. ಆರಿಸುವವರಲ್ಲಿ ವಯಸ್ಸಾದ ಹೆಂಗಸೊಬ್ಬರು ಕೌದಿಯನ್ನು ಮಗುಚಿ ಹಿಂಭಾಗ ನೋಡಿದರು. ಬೆರಳು ಆಡಿಸುತ್ತ ಆಡಿಸುತ್ತ ಆ ಜಾಗಕ್ಕೆ ಬಂದು ನಿಲ್ಲಿಸಿದರು. "ಇಲ್ಲಿ ಕೈ ಬದಲಾಗಿದೆ" ಅಂದರು.

ಮಾಲಿನ ಊನ ಗಿರಾಕಿ ಕಂಡುಹಿಡಿಯುವ ಮೊದಲೇ ನಾವು ಒಪ್ಪಿಕೊಂಡರೆ ರೇಟು ಉಳಿಯುತ್ತದೆ, ಕಂಡ ಮೇಲೆ ಒಪ್ಪಿಕೊಂಡರೆ ಬೀಳುತ್ತದೆ. ಅದಕ್ಕೇ ನಾನು, "ಬೇಕಾದ್ರೆ ಬಿಚ್ಚಿ ಮತ್ತೆ ಹೊಲೀತೀನಮ್ಮ, ನಾಳೆ ಹೊತ್ತಿಗೆ ತರ್ತೀನಿ" ಅಂದೆ.

"ಬಿಚ್ಚಬೇಡಿ. ಯಾಕೆ ಬದಲಾಯ್ತು ಅಂತ ಕೇಳಿದೆ ಅಷ್ಟೆ."

"ಆ ಕಡೆ ಹೊಲೀತಿದ್ದ ನಮ್ಮಕ್ಕ ತೀರಿಕೊಂಡಳು."

ಅವರು ಕೌದಿಯನ್ನು ಮೊದಲಿದ್ದ ಹಾಗೇ ಮಗುಚಿ ಅಂಚು ಸರಿಮಾಡಿದರು. ಆಯ್ಕೆಯಾಯಿತು. ಹುಡುಗಿ ಪಕ್ಕದಲ್ಲಿ ಅಂಟಿಸುವ ಚೀಟಿಗೆ ಬೆಲೆ ಕೇಳಿದಳು. "ಕೊಡೋದಿಲ್ಲ ಅಂದ್ರೆ ಮಾರಾಟಕ್ಕಿಲ್ಲ ಅಂತ ಬರೀತೀನಿ ಆಂಟಿ, ಸುಮಾರು ಜನ ಹಾಗೇ ಬರೆಸಿದಾರೆ."

"ಥೂ, ಬಿಡ್ತು ಅನ್ನು. ಅರವತ್ತು ಸಾವಿರ ಅಂತ ಬರಿ."

"ಅರವತ್ತಾ!"

"ಬರಿಯಮ್ಮ. ನಾನು ವ್ಯಾಪಾರದೋಳು, ನನಗೆ ಗೊತ್ತು."

ಪ್ರದರ್ಶನದ ಕೊನೇ ದಿನ ಕೌದಿ ಕಟ್ಟಿಕೊಂಡು, ಹಾಗೇ ಚಂದಕವಾಡಿ ಬಸ್ಸು ಹತ್ತೋಣ ಅಂತ ಒಂದು ಹಳೇ ಬೆಡ್‌ಶೀಟು ಹಿಡಿದು ಹೋದೆ. ಚೀಟಿಯ ಮೂಲೆಯಲ್ಲಿ ಕೆಂಪು ಬೊಟ್ಟು ಅಂಟಿಸಿತ್ತು. ಬಹುಮಾನ ಇರಬಹುದು ಅಂದುಕೊಂಡೆ. ಹುಡುಗಿ ಓಡಿ ಬಂದಳು.

"ಆಂಟಿ, ಸೇಲ್ ಆಯ್ತು! ಫುಲ್ ರೇಟು! ಅಲ್ಲಿದಾರೆ ನೋಡಿ, ಅವರೇ ತಗೊಂಡಿದ್ದು."

ಮೈಸೂರಿನವರು. ನನ್ನದೇ ವಯಸ್ಸು ಇರಬಹುದು. ನನ್ನನ್ನು ನೋಡಿ ಕೈ ಮುಗಿದರು.

ನಾನು ಮಾತು ಶುರು ಮಾಡಿದೆ. ಜೀವಮಾನದಲ್ಲಿ ಮೊದಲ ಸಲ ನನ್ನ ಮಾಲನ್ನು ನಾನೇ ಹಳಿದೆ. "ಇದು ಬಣ್ಣ ಬಿಡ್ತದೆ ಅಮ್ಮ" ಅಂದೆ.

"ನಾನು ಒಗೆಯೋದಿಲ್ಲ. ಗೋಡೆಗೆ ಹಾಕ್ತೀನಿ."

"ಗೋಡೆಗಾ? ಭಾರಕ್ಕೆ ಜೋತು ಬೀಳ್ತದೆ. ಬಟ್ಟೆಯೂ ಸವೆದಿರೋದು, ಎಲ್ಲ ಉಟ್ಟು ಬಿಟ್ಟದ್ದು. ಇದೇ ಅಳತೆಯಲ್ಲಿ ಹೊಸ ಬಟ್ಟೇಲಿ ಎರಡು ಹೊಲಿದು ಕೊಡ್ತೀನಿ. ಮೈಸೂರಿಗೇ ತಂದುಕೊಡ್ತೀನಿ."

ಅವರು ನಕ್ಕರು. ಕೆಟ್ಟ ನಗು ಅಲ್ಲ. "ಎರಡು ಕೈ ಕಾಣುತ್ತಲ್ಲಮ್ಮ ಇದರಲ್ಲಿ, ಅದಕ್ಕೇ ತಗೊಂಡೆ. ನೀವು ಹೇಳಿದ ಬೆಲೆಗೆ ಒಂದು ರೂಪಾಯಿ ಚೌಕಾಸಿ ಮಾಡಲಿಲ್ಲವಲ್ಲ ನಾನು."

ಹೇಳಿದ ರೇಟು ಕೊಟ್ಟವನ ಕೈಯಿಂದ ಮಾಲು ಕಿತ್ತುಕೊಂಡವಳಿಗೆ ಯಾವ ಸಂತೆಯಲ್ಲೂ ಜಾಗವಿಲ್ಲ. ಉಳಿದಿದ್ದದ್ದು ಒಂದೇ ಮಾತು. ಅಕ್ಕನ ಮಗಳು ಬಸುರಿ, ಇದು ಅವಳ ಮಗುವಿಗೆ ಅಂತ ಹೇಳಬಹುದಾಗಿತ್ತು. ಹೇಳಿದ್ದರೆ ಬಹುಶಃ ಬಿಟ್ಟುಕೊಡುತ್ತಿದ್ದರು. ಆದರೆ ಅಂಗಡಿ ಮುಂದೆ ನಿಂತು ಮನೆಯ ಕಷ್ಟ ಹೇಳಿ ರೇಟು ಇಳಿಸುವವರನ್ನು ನಾನು ಎಷ್ಟು ಕಂಡಿದ್ದೇನೆ, ಅವರಲ್ಲಿ ಒಬ್ಬರನ್ನೂ ನಂಬಿದವಳಲ್ಲ. ನನ್ನ ನಾಲಿಗೆ ಆ ಮಾತಿಗೆ ಏಳಲಿಲ್ಲ.

ಕೌದಿಯನ್ನು ನಾನೇ ಇಳಿಸಿದೆ. ಮಡಿಸುವ ರೀತಿ ತೋರಿಸಿದೆ. ಅಕ್ಕನ ಕಡೆ ಒಳಗೆ ಬರಬೇಕು, ಉಜ್ಜಬಾರದು ಅಂದೆ. ಅವರು ಕಾರಿನ ಹಿಂದಿನ ಸೀಟಿನಲ್ಲಿ ಇಟ್ಟುಕೊಂಡರು. ಬೆಡ್‌ಶೀಟನ್ನು ಮಡಿಸಿ ಬ್ಯಾಗಿಗೆ ಹಾಕಿಕೊಂಡು ನಾನು ಬಸ್‌ಸ್ಟ್ಯಾಂಡಿಗೆ ನಡೆದೆ.

ಚಂದಕವಾಡಿಯಲ್ಲಿ ಅಕ್ಕನ ಮಗಳು ಜಗಲಿಯಲ್ಲಿ ಕೂತು ಹುರುಳಿ ಹಸನು ಮಾಡುತ್ತಿದ್ದಳು. ನನ್ನ ಕೈ ನೋಡಿದಳು.

"ಎಲ್ಲಿ ಚಿಕ್ಕವ್ವ, ಕೌದಿ?"

"ಮಾರೋಯ್ತು."

"ಯಾರ್ ಮಾರಿದ್ರು?"

"ನಾನೇ."

ರೇಟು ಹೇಳಿದೆ. ಯಾಕೆ ಹಾಗೆ ಬರೆಸಿದೆ ಅಂತಲೂ ಹೇಳಿದೆ. ಅವಳು ಮೊರವನ್ನು ಕೆಳಗಿಡಲಿಲ್ಲ. "ಅವ್ವ ಇದ್ದಿದ್ರೆ ನಕ್ಬುಡೋಳು. ವ್ಯಾಪಾರ್ದೋಳು ವ್ಯಾಪಾರ ಮಾಡ್ಬುಟ್ಲು ಅಂತ" ಅಂದಳು. ತಾನು ನಗಲಿಲ್ಲ. ಸ್ವಲ್ಪ ಹೊತ್ತು ಕಲ್ಲು ಆರಿಸಿ, "ಅವ್ವನ ಸೀರೆ ಬೇರೆ ಯಾವ್ದಾರ ಉಳ್ದದಾ ಚಿಕ್ಕವ್ವ?" ಅಂದಳು.

ಉಳಿದಿರಲಿಲ್ಲ. ನೂಲಿನವು ಅಷ್ಟೂ ಕೌದಿಗೆ ಹೋಗಿದ್ದವು. ಒಂದು ರೇಷ್ಮೆ ಇತ್ತು, ಅದನ್ನು ಅಕ್ಕನ ಮೈ ಮೇಲೆ ಹೊದಿಸಿ ಕಳಿಸಿದ್ದೆವು. ನೈಟಿಗಳನ್ನು ನಾನೇ ಯಾರಿಗೋ ಕೊಟ್ಟಿದ್ದೆ.

"ಇಲ್ಲ ಕಣವ್ವ."

"ಸರಿ ಬುಡು. ಟೀ ಕಾಯಿಸ್ತೀನಿ."

ದುಡ್ಡು ಬಂದ ಮೇಲೆ ಅಷ್ಟನ್ನೂ ಅವಳ ಖಾತೆಗೆ ಹಾಕಿಸಿದೆ. ಬೇಡ ಅನ್ನಲಿಲ್ಲ, ಬಂತು ಅಂತಲೂ ಹೇಳಲಿಲ್ಲ. ಮಗು ಹುಟ್ಟಿತು, ಗಂಡು. ನೋಡಲು ಹೋದಾಗ ಅಂಗಡಿಯಲ್ಲಿ ಕೊಂಡ, ಕರಡಿ ಚಿತ್ರದ ಮೆತ್ತನೆಯ ಕಂಬಳಿಯಲ್ಲಿ ಮಲಗಿತ್ತು. ಒಳ್ಳೇ ಕಂಬಳಿಯೇ. ಎಷ್ಟು ಕೊಟ್ಟಿರಬಹುದು ಅಂತ ಮುಟ್ಟಿ ನೋಡಿದೆ, ರೇಟು ಗೊತ್ತಾಯಿತು. ಬೇರೇನೂ ಗೊತ್ತಾಗಲಿಲ್ಲ. ನನ್ನ ಸೀರೆಗಳಲ್ಲಿ ಒಂದು ಕೌದಿ ಹೊಲಿದುಕೊಡುತ್ತೇನೆ ಅಂದೆ. ಹೂಂ ಅಂದಳು.

ಅಂಗಡಿಯ ಕೌದಿಗಳಿಗೆ ಈಗ ಐನೂರು ಏರಿಸಿದ್ದೇನೆ, ಜನ ಕೊಡುತ್ತಿದ್ದಾರೆ.

ಕೌದಿಯನ್ನು ಪ್ರದರ್ಶನಕ್ಕೆ ಕೊಡಬೇಕು ಅಂತಿರುವವರಿಗೆ ನನಗೆ ತಿಳಿದಷ್ಟು ಹೇಳುತ್ತೇನೆ, ಕೇಳಿ. ಮಿಂಚುವ ಬಟ್ಟೆ ಬೇಡ, ಉಟ್ಟು ಮೆತ್ತಗಾದ ನೂಲು ಹಾಕಿ. ಆರಿಸುವವರು ಮೊದಲು ನೋಡುವುದು ಹಿಂಭಾಗವನ್ನು, ಗಂಟುಗಳನ್ನು ಪದರದ ಒಳಗೆ ಅಡಗಿಸಿ. ಹೊಲಿಗೆ ಓರೆಯಾಗಿದ್ದರೆ ಇರಲಿ, ಕೊನೇ ಗಳಿಗೆಯಲ್ಲಿ ಬಿಚ್ಚಬೇಡಿ. ಫೋಟೋ ತೆಗೆಯುವಾಗ ಹಿಂದೆ ಏನಿದೆ ಅಂತ ನೋಡಿಕೊಳ್ಳಿ. ಕೊಡಬಾರದ್ದಿದ್ದರೆ ಮಾರಾಟಕ್ಕಿಲ್ಲ ಅಂತಲೇ ಬರೆಸಿ. ಅಲ್ಲಿ ಬರುವವರು ಬೆಲೆ ಓದಿ ಎದ್ದು ಹೋಗುವವರಲ್ಲ, ಓದಿ ಕೊಡುವವರು. ಯಾರ ಸೀರೆ ಹರಿದರೂ ಒಂದನ್ನು ಇಡಿಯಾಗಿ ಉಳಿಸಿಕೊಳ್ಳಿ, ಹಳೇದಾದರೂ ಸರಿ. ಇನ್ನು ಇಬ್ಬರು ಎದುರುಬದುರು ಕೂತು ಹೊಲಿಯುವವರಿದ್ದರೆ, ಅರ್ಧಕ್ಕೆ ಬಂದಾಗ ಎದ್ದು ಜಾಗ ಬದಲಾಯಿಸಿ. ಮಂಡಿ ನೋವು ಅಂತ ಕೂತಲ್ಲೇ ಕೂರಬೇಡಿ. ಅವರ ಸಾಲಿನ ಪಕ್ಕ ನಿಮ್ಮ ಸಾಲು ಹಾಕಿ, ಎಲ್ಲಿ ತಪ್ಪಿತು ಅಂತ ಅವರನ್ನೇ ಕೇಳಿ, ಅವರು ನಗಾಡಿದರೆ ನಗಾಡಲಿ, ಕೈಗೆ ಕೂರುವ ತನಕ ಬಿಡಬೇಡಿ.