ಗೀರಕ್ಕ ಕೊಂಡ ಬಾಡಿಗೆ ಕಾರು

ಬಾಡಿಗೆ ಕಾರುಗಳ ಆಫೀಸಿನಲ್ಲಿ ಎಲ್ಲರೂ ಅವಳನ್ನು ಗೀರಕ್ಕ ಎಂದೇ ಕರೆಯುತ್ತಿದ್ದರು. ಮುಖದೆದುರಿಗೇ ಕರೆಯುತ್ತಿದ್ದರು, ಅವಳಿಗೂ ಅದರಿಂದ ಬೇಸರವಿರಲಿಲ್ಲ. ವಾಪಸು ಬಂದ ಕಾರಿನಲ್ಲಿ ಗೀರು ಹುಡುಕುವುದೇ ಅವಳ ಕೆಲಸ. ಗಿರಾಕಿ ಕೀಲಿಕೈ ಕೊಟ್ಟು, ಏನೋ ಮರೆತವನಂತೆ ಜೇಬು ತಡಕುತ್ತ ನಿಂತಿರುವಾಗ ಇವಳು ಕಾರಿನ ಸುತ್ತ ಒಂದು ಸುತ್ತು ಬರುತ್ತಿದ್ದಳು. ಬಂಪರಿನ ಕೆಳಗು, ಬಾಗಿಲ ಅಂಚು, ಕನ್ನಡಿಯ ಬೆನ್ನು ಎಲ್ಲದರ ಮೇಲೂ ಕಣ್ಣಾಡಿಸುವಳು. ಅನುಮಾನ ಬಂದ ಕಡೆ ಅಂಗೈ ಆಡಿಸುವಳು. ಕಣ್ಣಿಗೆ ಬೀಳದ ತಗ್ಗು ಕೈಗೆ ಸಿಗುತ್ತದೆ ಎಂಬುದು ಅವಳು ಈ ಕೆಲಸದಲ್ಲಿ ಕಲಿತ ಮೊದಲ ಪಾಠ. ‘ಇದು ಮೊದಲೇ ಇತ್ತು’ ಎನ್ನುವವರನ್ನು, ಫೋನು ಕಿವಿಗಿಟ್ಟು ಮೆಲ್ಲಗೆ ದೂರ ಸರಿಯುವವರನ್ನು, ಕಾರಣವಿಲ್ಲದೆ ಹಲ್ಲುಕಿರಿಯುವವರನ್ನು ಅವಳು ಬೇಕಾದಷ್ಟು ಕಂಡಿದ್ದಳು. ಹಲ್ಲುಕಿರಿಯುವವರ ಕಾರನ್ನು ಎರಡೆರಡು ಸಲ ಸುತ್ತುತ್ತಿದ್ದಳು.

ಅಂಥವಳು ತನ್ನ ಆಫೀಸಿನದೇ ಹಳೆಯ ಕಾರೊಂದನ್ನು ಕೊಳ್ಳುತ್ತೇನೆ ಎಂದಾಗ ಮೊದಲು ಮೂಗು ಮುರಿದವನು ಗಂಡ. ಅವನು ಮುದ್ರಣಾಲಯದಲ್ಲಿ ಕಾಗದ ಕತ್ತರಿಸುವ ಯಂತ್ರದ ಮೇಲೆ ಕೆಲಸ ಮಾಡುವವನು. ಅಂಚು ಕೂದಲೆಳೆಯಷ್ಟು ಓರೆಯಾದರೂ ಇಡೀ ಕಟ್ಟನ್ನು ಪಕ್ಕಕ್ಕೆ ತಳ್ಳುವ ಸ್ವಭಾವ.

“ಕಂಡಕಂಡವರೆಲ್ಲ ಓಡಿಸಿ ಬಿಟ್ಟ ಗಾಡಿ ಅದು. ಬಾಡಿಗೆ ಕಾರನ್ನ ಯಾರಾದ್ರೂ ನಿಧಾನಕ್ಕೆ ಓಡಿಸ್ತಾರಾ?” ಎಂದು ಕೇಳಿದ.

ಆ ಮಾತು ಸುಳ್ಳಾಗಿದ್ದರೆ ಅವಳು ಜಗಳವಾಡುತ್ತಿದ್ದಳು. ಆದರೆ ಅದು ನಿಜವೆಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರು? ಉಬ್ಬು ಬಂದರೂ ಬ್ರೇಕು ಒತ್ತದವರು, ಇಂಜಿನ್ನು ಬೆಚ್ಚಗಾಗುವ ಮೊದಲೇ ಕಾಲು ಅದುಮುವವರು, ಹಿಂದಿನ ಸೀಟಿನಲ್ಲಿ ಸಿಮೆಂಟಿನ ಮೂಟೆ ಹೇರಿದವರು, ಎಲ್ಲರ ಕಾರುಗಳನ್ನೂ ವಾಪಸು ಪಡೆದವಳು ಅವಳೇ. ಹಾಗೆಂದು ಇನ್ನೊಂದು ಮಗ್ಗುಲೂ ಅವಳಿಗೆ ಗೊತ್ತಿತ್ತು. ಕಾರು ನಡುದಾರಿಯಲ್ಲಿ ಕೈಕೊಟ್ಟರೆ ಆಫೀಸಿನ ಮಾನ ಹೋಗುತ್ತದೆ, ಹಾಗಾಗಿ ಎಣ್ಣೆ, ಬ್ರೇಕು, ಟಯರು ಯಾವುದಕ್ಕೂ ಅಲ್ಲಿ ನಾಳೆ ನೋಡೋಣ ಎನ್ನುವ ಮಾತೇ ಇರಲಿಲ್ಲ. ಸ್ವಂತ ಕಾರನ್ನು ಅಷ್ಟು ನೇಮದಿಂದ ನೋಡಿಕೊಳ್ಳುವ ಯಜಮಾನನನ್ನು ಅವಳು ಇನ್ನೂ ಕಂಡಿರಲಿಲ್ಲ. ಕಾರು ಮುದಿಯಾಗುವ ಮೊದಲೇ ಆಫೀಸಿನವರು ಮಾರಿಬಿಡುತ್ತಾರೆ. ಅದಕ್ಕೂ ಮಿಗಿಲಾಗಿ, ಅವಳು ಕಣ್ಣು ಹಾಕಿದ ಆ ಬೂದು ಬಣ್ಣದ ಕಾರು ಬಂದ ದಿನದಿಂದ ಅವಳ ಕೈಕೆಳಗೇ ಹಾದುಹೋದದ್ದು. ಅದರ ಒಂದೊಂದು ಗೀರಿನ ಜಾತಕವೂ ಅವಳ ಬಾಯಲ್ಲೇ ಇತ್ತು.

ಅವಳ ಪರವಾಗಿ ನಿಂತವರು ಮಾವ. ಅವರು ಜೀವಮಾನವೆಲ್ಲ ಬಸ್ಸು ಓಡಿಸಿ ನಿವೃತ್ತರಾದವರು. “ನಮ್ಮ ಬಸ್ಸಿಗೆ ಬೆಳಗ್ಗೆ ಒಬ್ಬ ಡ್ರೈವರ್, ಸಂಜೆ ಒಬ್ಬ ಡ್ರೈವರ್. ಹಾಗಂತ ಅದೇನು ಕೆಟ್ಟು ಕೂತಿತ್ತಾ?” ಎಂದು ಮಗನ ಬಾಯಿ ಮುಚ್ಚಿಸಿದರು.

ಮಾವನ ಉತ್ಸಾಹಕ್ಕೆ ಬೇರೆ ಕಾರಣವೂ ಇತ್ತು. ಕೆಲಸ ಬಿಟ್ಟ ಮೇಲೆ ಅವರಿಗೆ ಕೂತಲ್ಲಿ ಕೂರಲು, ನಿಂತಲ್ಲಿ ನಿಲ್ಲಲು ಆಗುತ್ತಿರಲಿಲ್ಲ. ಕಿಟಕಿಯಿಂದ ಬಾಗಿಲಿಗೆ, ಬಾಗಿಲಿಂದ ಕಿಟಕಿಗೆ ಓಡಾಡುತ್ತ, ರಸ್ತೆಯಲ್ಲಿ ಬಸ್ಸಿನ ಸದ್ದು ಕೇಳಿದರೆ ಗೇರು ತಪ್ಪಾಗಿ ಹಾಕಿದ ಎಂದು ಗೊಣಗುತ್ತಿದ್ದರು. ಇತ್ತ ಹತ್ತು ವರ್ಷದ ಮೊಮ್ಮಗಳು ಈಜು ಕಲಿಯಲು ಊರಿನ ಆ ತುದಿಗೆ ಹೋಗಿ, ಎರಡು ಬಸ್ಸು ಬದಲಿಸಿ, ಒದ್ದೆ ತಲೆಯಲ್ಲೇ ತೂಕಡಿಸುತ್ತ ಮನೆ ಸೇರುತ್ತಿದ್ದಳು. ಅಪ್ಪ ಅಮ್ಮ ಇಬ್ಬರಿಗೂ ಆ ಹೊತ್ತಿಗೆ ಕೆಲಸ ಬಿಡುತ್ತಿರಲಿಲ್ಲ. ಕಾರು ಬಂದರೆ ಮಗುವನ್ನು ಕರೆತರುವುದು ತಮ್ಮ ಪಾಲಿನ ಕೆಲಸ ಎಂದು ಮಾವ ಮೊದಲೇ ಹೇಳಿಬಿಟ್ಟರು. ಹಾಗೆ ಹೇಳಿದ ದಿನ ಅವರು ತಟ್ಟೆ ತುಂಬ ಉಂಡರು.

ಕಾರು ಬಂತು. ಹಿಂಬದಿಯ ಗಾಜಿನಿಂದ ಆಫೀಸಿನ ಚೀಟಿ ಕಿತ್ತ ಜಾಗದಲ್ಲಿ ಸ್ವಲ್ಪ ಅಂಟು ಉಳಿದಿತ್ತು, ಅದನ್ನು ಅವಳೇ ಉಗುರಿನಿಂದ ಕೆರೆದು ತೆಗೆದಳು. ಆಮೇಲೆ ಅದು ಒಂದು ದಿನವೂ ರಸ್ತೆಯಲ್ಲಿ ನಿಲ್ಲಲಿಲ್ಲ, ಹೊಗೆ ಉಗುಳಲಿಲ್ಲ, ಮಳೆಯಲ್ಲಿ ಮುನಿಸಿಕೊಳ್ಳಲಿಲ್ಲ. ಬಾಡಿಗೆಗೆ ಓಡಿದ ಕಾರು ಕೊಳ್ಳಬಹುದಾ ಎಂದು ಯಾರಾದರೂ ಕೇಳಿದರೆ, ಕಾರಿನ ಮಟ್ಟಿಗೆ ಧಾರಾಳವಾಗಿ ಕೊಳ್ಳಬಹುದು ಎನ್ನಬೇಕು. ಈ ಮನೆಯಲ್ಲಿ ಎಡವಟ್ಟಾದದ್ದು ಕೊಂಡವಳಿಂದ.

ಮೊದಲ ವಾರವೇ ಶುರುವಾಯಿತು. ಗಂಡ ಕಾರು ತೆಗೆದುಕೊಂಡು ಹೋಗಿ ಬಂದ ಸದ್ದಾದರೆ ಸಾಕು, ಹಿಟ್ಟಿನ ಕೈಯಲ್ಲೇ ಇರಲಿ, ಸೋಪಿನ ಕೈಯಲ್ಲೇ ಇರಲಿ, ಗೀರಕ್ಕ ಹೊರಗೆ ಬರುತ್ತಿದ್ದಳು. ಒಂದು ಸುತ್ತು ಹಾಕಿ, ಬಾಗಿಲ ಮೇಲೆ ಅಂಗೈ ಆಡಿಸಿ, ಏನೂ ಸಿಗದಿದ್ದಾಗ ಒಳಗೆ ಹೋಗುತ್ತಿದ್ದಳು. “ಮೇಡಂ, ನಂದೇನಾದ್ರೂ ಬಾಕಿ ಇದೆಯಾ?” ಎಂದು ಗಂಡ ಕೈಕಟ್ಟಿ ನಿಂತು ನಗಿಸುತ್ತಿದ್ದ. ಮಗಳೂ ಮಾವನೂ ನಗುತ್ತಿದ್ದರು. ಅವಳೂ ನಗುತ್ತಿದ್ದಳು, ಆದರೆ ಸುತ್ತು ಮುಗಿದ ಮೇಲೆ.

ತಮಾಷೆ ಬಹಳ ದಿನ ನಡೆಯಲಿಲ್ಲ. ಅವಳ ಜೀವಕ್ಕೆ ನೆಮ್ಮದಿಯೇ ಇಲ್ಲದಂತಾಯಿತು. ಆಫೀಸಿನಲ್ಲಿ ಬೇರೆಯವರ ಕಾರು ನೋಡುತ್ತಿದ್ದರೂ ಮನಸ್ಸು ಮನೆಯ ಕಾರಿನ ಹಿಂದೆ ಓಡುತ್ತಿತ್ತು. ಮಾವನಿಗೆ ಫೋನು ಮಾಡಿ, ಎಲ್ಲಿ ನಿಲ್ಲಿಸಿದ್ದೀರಿ, ಪಕ್ಕದಲ್ಲಿ ಯಾವ ಗಾಡಿ ಇದೆ, ಅದರ ಬಾಗಿಲು ತೆರೆಯಲು ಜಾಗ ಇದೆಯಾ ಎಂದು ವಿಚಾರಿಸುತ್ತಿದ್ದಳು. ಐದು ನಿಮಿಷ ಬಿಟ್ಟು ಮತ್ತೆ ಮಾಡುತ್ತಿದ್ದಳು. ಮಲಗುವ ಮುಂಚೆ ಕಿಟಕಿಯಿಂದ ಇಣುಕುವುದು, ಎದ್ದ ಕೂಡಲೇ ಇಣುಕುವುದು. ಇದು ಅತಿಯಾಯಿತೆಂದು ಅವಳಿಗೂ ಅನಿಸುತ್ತಿತ್ತು. ಆದರೆ ಕಾಲುಗಳು ಅವಳ ಮಾತು ಕೇಳುತ್ತಿರಲಿಲ್ಲ, ತಾವಾಗಿಯೇ ಹೊರಗೆ ನಡೆಯುತ್ತಿದ್ದವು. ಗಂಡ ಒಂದು ದಿನ ಸದ್ದಿಲ್ಲದೆ ಮತ್ತೆ ಬಸ್ಸು ಹಿಡಿದ. ಕೇಳಿದ್ದಕ್ಕೆ, ಬಸ್ಸಿನಲ್ಲಾದರೆ ಇಳಿದ ಮೇಲೆ ಯಾರೂ ತಡೆದು ನಿಲ್ಲಿಸುವುದಿಲ್ಲ ಎಂದ. ಮಗಳು ಚಪ್ಪಲಿ ಕೊಡವಿ, ಒದ್ದೆ ಬಟ್ಟೆಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಮೈ ಮುದುಡಿ ಕೂರುವುದನ್ನು ಕಲಿತಳು. ಮಾವ ಒಬ್ಬರೇ ಏನೂ ಅನ್ನದೆ ಕಾರು ತೆಗೆಯುತ್ತಿದ್ದರು. ಅವರಿಗೆ ಆ ಕೆಲಸ ಬೇಕಾಗಿತ್ತು.

ಆವತ್ತು ಸಂಜೆ ಗೀರಕ್ಕ ಕೆಲಸದಿಂದ ಬಂದಾಗ ಕಾರು ಅಂಗಳದಲ್ಲಿತ್ತು. ಇದ್ದ ರೀತಿ ಮಾತ್ರ ಸರಿಯಾಗಿರಲಿಲ್ಲ. ಎಡಮಗ್ಗುಲು ಗೋಡೆಗೆ ಅಂಟಿಕೊಂಡಂತೆ ನಿಂತಿತ್ತು, ಆ ಕಡೆಯಿಂದ ಒಂದು ಬೆಕ್ಕೂ ಇಳಿಯುವಂತಿರಲಿಲ್ಲ. ತಾಗಿಸಿಕೊಂಡು ಬಂದ ಗಿರಾಕಿ ಕಾರನ್ನು ಹೀಗೆಯೇ ನಿಲ್ಲಿಸುವುದು, ಪೆಟ್ಟಾದ ಮಗ್ಗುಲನ್ನು ಗೋಡೆಗೆ ಕೊಟ್ಟು. ಆಫೀಸಿನ ಅಂಗಳದಲ್ಲಿ ಹೀಗೆ ನಿಂತ ಕಾರು ಕಂಡರೆ ಅವಳು ಉಳಿದದ್ದನ್ನೆಲ್ಲ ಬಿಟ್ಟು ಮೊದಲು ಅಲ್ಲಿಗೇ ಹೋಗುತ್ತಿದ್ದಳು. ಈಗ ತನ್ನ ಮನೆಯ ಅಂಗಳದಲ್ಲಿ ಗೋಡೆಗೂ ಕಾರಿಗೂ ನಡುವೆ ತೋಳು ತೂರಿಸಿದಳು. ಮುಂದಿನ ಬಾಗಿಲಿಂದ ಹಿಂದಿನ ಚಕ್ರದವರೆಗೆ ಉದ್ದಕ್ಕೂ ತಗ್ಗು. ಕೈ ಹೊರಗೆಳೆದರೆ ಬೆರಳಿಗೆ ನೀಲಿ ಪುಡಿ ಅಂಟಿತ್ತು.

ಒಳಗೆ ಮೂವರೂ ಮೇಜಿನ ಸುತ್ತ ಕೂತಿದ್ದರು. ಟಿವಿ ಸದ್ದಿಲ್ಲದೆ ಓಡುತ್ತಿತ್ತು. ಮಗಳು ಪುಸ್ತಕ ತೆರೆದಿದ್ದಳು, ಹಾಳೆ ತಿರುವುತ್ತಿರಲಿಲ್ಲ. ಕಾರಿಗೆ ಏನಾಯಿತು ಎಂದು ಗೀರಕ್ಕ ಕೇಳಿದಳು.

ಗಂಡ ತಲೆ ಎತ್ತದೆ, ತಾನೇ ಮಾರುಕಟ್ಟೆಯ ಹತ್ತಿರ ತಾಗಿಸಿದೆ ಎಂದ. ಮಾರುಕಟ್ಟೆಯ ಹತ್ತಿರ ನೀಲಿ ಬಣ್ಣದ್ದು ಏನಿದೆ ಎಂದು ಅವಳು ಕೇಳಿದಳು. ಅವನು ತಡವರಿಸಿ, ಹಾಗಾದರೆ ಅದು ಮೊದಲೇ ಇತ್ತೇನೋ ಎಂದುಬಿಟ್ಟ. ಅಂದವನೇ ತುಟಿ ಕಚ್ಚಿಕೊಂಡ. ಅಷ್ಟರಲ್ಲಿ ಮಗಳು ಬಾಯಿ ಹಾಕಿ, ಅಪ್ಪನದಲ್ಲ, ತನ್ನ ಸೈಕಲ್ಲು ಉಜ್ಜಿದ್ದು ಎಂದಳು. ಸೈಕಲ್ಲಿನ ಬಣ್ಣ ಕೆಂಪು.

ಅವಳಿಗೆ ಕೋಪ ಬರಬೇಕಿತ್ತು. ಬಂದದ್ದು ಸಂಕಟ. ಗಿರಾಕಿಗಳು ಸುಳ್ಳು ಹೇಳುತ್ತಾರೆ, ಅವರಿಗೆ ಅವಳು ಯಾರೋ. ಇಲ್ಲಿ ತನ್ನ ಗಂಡ, ತನ್ನ ಮಗಳು, ತಾನು ಬಾಗಿಲು ತೆರೆಯುವ ಮೊದಲು ಕೂತು ಮಾತಾಡಿಕೊಂಡಿದ್ದಾರೆ. ಅದೂ ಸರಿಯಾಗಿ ಮಾತಾಡಿಕೊಂಡಿಲ್ಲ. ಇವರೆಲ್ಲ ತನಗೆ ಇಷ್ಟು ಹೆದರುತ್ತಾರಾ? ಇಬ್ಬರೂ ಯಾರನ್ನು ಕಾಪಾಡಲು ನೋಡುತ್ತಿದ್ದಾರೆಂದು ಹೊಳೆದು ಅವಳು ಮಾವನ ಕಡೆ ತಿರುಗಿದಳು.

ಮಾವ ಎದ್ದು ನಿಂತಿದ್ದರು. ಜೇಬಿನಿಂದ ಕೀಲಿಕೈ ತೆಗೆದು ಅವಳ ಮುಂದೆ ಮೇಜಿನ ಮೇಲಿಟ್ಟರು.

“ನಾನಮ್ಮ. ಸ್ವಿಮ್ಮಿಂಗ್ ಪೂಲ್ ಗೇಟಿನ ನೀಲಿ ಕಂಬ,” ಎಂದರು. ಆಮೇಲೆ, “ಇನ್ನು ನಾನು ಹೋಗಬಹುದಾ?” ಎಂದು ಕೇಳಿದರು.

ದಿನವಿಡೀ ಕೌಂಟರಿನಲ್ಲಿ ಗಿರಾಕಿಗಳು ಅವಳನ್ನು ಕೇಳುವ ಮಾತದು. ಅವಳು ತಲೆಯಾಡಿಸಿದರೆ ಹೋಗುತ್ತಾರೆ. ಮಾವ ತಮ್ಮದೇ ಮನೆಯಲ್ಲಿ, ತಾವೇ ಹಾಕಿಸಿದ ಮೇಜಿನ ಪಕ್ಕದಲ್ಲಿ ನಿಂತು, ಒಳಗಿನ ಕೋಣೆಗೆ ಹೋಗಲು ಅವಳ ಅಪ್ಪಣೆ ಕೇಳಿದ್ದರು. ಅವಳಿಗೆ ನಾಚಿಕೆಯಾಯಿತು.

“ತಾತನ ತಪ್ಪಲ್ಲಮ್ಮ,” ಎಂದಳು ಮಗಳು. “ತಾತನಿಗೆ ಎಡಗಡೆ ಇರೋದು ಕಾಣಲ್ಲ. ನಾನೇ ಪಕ್ಕದಲ್ಲಿ ಕೂತು ಹೇಳ್ತಿದ್ದೆ. ಇವತ್ತು ಚೀಲ ಜಾರಿತು, ಹೇಳೋದು ಮರೆತೆ.”

ಉಳಿದದ್ದು ಒಂದೊಂದಾಗಿ ಹೊರಬಂತು. ಬೇಸಿಗೆಯಿಂದ ಮಾವನ ಎಡಗಣ್ಣಿಗೆ ಮಂಜು ಕವಿದಂತಾಗಿತ್ತು. ಎಡಗಡೆ ಸೈಕಲ್ಲು, ಎಡಗಡೆ ಅಜ್ಜಿ, ಎಡಗಡೆ ನಾಯಿ ಎಂದು ಮಗು ದಾರಿಯುದ್ದಕ್ಕೂ ಹೇಳುತ್ತ ಬರುತ್ತಿತ್ತು. ಗಂಡನಿಗೆ ಮೊನ್ನೆಮೊನ್ನೆ ಗೊತ್ತಾಗಿತ್ತು. ಹೇಳಿದರೆ ಅಪ್ಪನ ಕೈಯಿಂದ ಕೀಲಿಕೈ ಹೋಗುತ್ತದೆ, ಹೇಳದಿದ್ದರೆ ಮಗುವಿನ ಗತಿ ಏನು ಎಂದು ಇವತ್ತು ನಾಳೆ ಎನ್ನುತ್ತ ದಿನ ತಳ್ಳಿದ್ದ. ಬೆಳಗ್ಗೆ ಎದ್ದರೆ ಇದೇ ಯೋಚನೆ, ಕೆಲಸದಲ್ಲೂ ಇದೇ ಯೋಚನೆ ಎಂದು ಅವನು ತಲೆ ತಗ್ಗಿಸಿ ಹೇಳಿದ.

ಗೀರಕ್ಕನಿಗೆ ಆಗ ಹೊಳೆಯಿತು. ದಿನಾ ಸಂಜೆ ತಾನು ಅಂಗೈ ಆಡಿಸಿ ಏನೂ ಆಗಿಲ್ಲ ಎಂದು ಸಮಾಧಾನಪಡುತ್ತಿದ್ದ ಅದೇ ಎಡಬಾಗಿಲ ಒಳಗೆ ತನ್ನ ಮಗು ಕೂತು, ಸಂತೆಯಂಥ ರಸ್ತೆಯಲ್ಲಿ, ಒಬ್ಬ ಮುದುಕನ ಕಣ್ಣಾಗಿತ್ತು. ಇನ್ನೊಂದು ಗೇಣು ಆಚೀಚೆಯಾಗಿದ್ದರೆ ಆ ಕಂಬ ಎಲ್ಲಿಗೆ ಬರುತ್ತಿತ್ತು ಎಂಬುದನ್ನು ಅವಳು ಯೋಚಿಸದಿರಲು ನೋಡಿದಳು, ಆಗಲಿಲ್ಲ. ಮೂವರ ಮೇಲೂ ಕೂಗಾಡಬೇಕೆನಿಸಿತು. ಎದ್ದು ಬಾಗಿಲವರೆಗೆ ಹೋದಳು, ತಿರುಗಿ ಬಂದಳು, ಮತ್ತೆ ಹೋದಳು. ಮಾವ ಇನ್ನೂ ನಿಂತೇ ಇದ್ದರು.

ಅವಳು ಕುರ್ಚಿ ಎಳೆದು, “ಕೂತ್ಕೊಳ್ಳಿ ಮಾವ,” ಎಂದಳು. ತಾನೂ ಎದುರಿಗೆ ಕೂತಳು. ಒಂದು ಕೈಯಿಂದ ಅವರ ಬಲಗಣ್ಣು ಮುಚ್ಚಿ, ಇನ್ನೊಂದು ಕೈಯ ಮೂರು ಬೆರಳು ಎತ್ತಿ ಹಿಡಿದಳು.

“ಎಷ್ಟು ಹೇಳಿ.”

“ಎರಡು,” ಎಂದರು ಮಾವ, ತಡಮಾಡದೆ.

ಯಾರೂ ಉಸಿರೆತ್ತಲಿಲ್ಲ. ಆ ಮೌನವನ್ನು ಅಳೆದು ನೋಡಿದವರಂತೆ ಅವರು, “ಮೂರು. ಮೂರು ಅಂತಲೇ ಅಂದಿದ್ದು,” ಎಂದರು. ಅವರ ಕೈಗಳು ಕುರ್ಚಿಯ ಅಂಚನ್ನು ಬಿಗಿಯಾಗಿ ಹಿಡಿದಿದ್ದವು. ಡಿಪೋದವರು ಮಾಡಿದ ಯಾವ ಪರೀಕ್ಷೆಯಲ್ಲೂ ಒಮ್ಮೆಯೂ ಬಿದ್ದವರಲ್ಲ ಅವರು. ಅವಳ ಅಂಗೈಯ ಕೆಳಗೆ ಅವರ ರೆಪ್ಪೆ ಪಟಪಟ ಬಡಿಯುತ್ತಿತ್ತು. ಇಷ್ಟು ದಿನ ಅವಳು ಆ ಮುಖದ ಎದುರಿಗೇ ಕೂತು ಉಂಡಿದ್ದಳು.

“ಕಾಣಲ್ಲ ಅಂದ್ರೂ ನಡೆಯುತ್ತೆ ಮಾವ,” ಎಂದಳು. “ನಿಮ್ಮನ್ನ ಯಾರೂ ಏನೂ ಅನ್ನಲ್ಲ.”

“ಮಗೂನ ಯಾರು ಕರ್ಕೊಂಡು ಬರ್ತಾರೆ ಮತ್ತೆ?”

“ನೀವೇ. ನಾಳೆ ಡಾಕ್ಟರಿಗೆ ತೋರಿಸೋಣ. ಕಣ್ಣು ಸರಿಹೋಗೋವರೆಗೆ ಬಸ್ಸಲ್ಲಿ ಹೋಗಿ ಕರ್ಕೊಂಡು ಬನ್ನಿ. ಡ್ರೈವರನ್ನ ಮಾತ್ರ ಬೈಬೇಡಿ.”

ಮಗಳು ಫಕ್ಕನೆ ನಕ್ಕು, ಕೂಡಲೇ ಅಳತೊಡಗಿದಳು. ಗಂಡ ಅವಳನ್ನು ಹತ್ತಿರ ಎಳೆದುಕೊಂಡ. ಗೀರಕ್ಕ ಎತ್ತಿದ ಕೈ ಇಳಿಸದೆ ಕಾದಳು. ಮಾವನ ಬೆರಳುಗಳು ಕುರ್ಚಿಯ ಅಂಚನ್ನು ಬಿಡಲು ಬಹಳ ಹೊತ್ತು ಹಿಡಿಯಿತು.

“ಕಾಣಲ್ಲಮ್ಮ,” ಎಂದರು. “ಬೆರಳು ಹೋಗ್ಲಿ, ನಿನ್ನ ಕೈಯೇ ಕಾಣ್ತಿಲ್ಲ.”